ಖಾಸಗಿ ಗಣಿಯ ಟೇಲಿಂಗ್ಸ್ ಡ್ಯಾಮ್: ‘ಸ್ಥಿರವಾಗಿದೆ’ ಎನ್ನುವ ವರದಿಯಲ್ಲಿ ಏನೇನು ಕೆದಕಿ ನೋಡಬೇಕು?

ಕಟ್ಟೆಲೆಕ್ಕ:
ನೀರಿನ ಅಣೆಕಟ್ಟೆಗಳ ತಪಾಸಣೆ ಮಾಡಿ ಗೊತ್ತಿರುವವರು ಟೇಲಿಂಗ್ಸ್ ಡ್ಯಾಮಿನ (ಅದಿರು ತೆಗೆದ ಮೇಲೆ ಉಳಿಯುವ ಒದ್ದೆ ಗಣಿ ರೇವೆಯನ್ನು ಹಿಡಿದಿಡುವ ಕಟ್ಟೆಯ) ವರದಿ ಓದುವಾಗ ಎಲ್ಲಿ ಎಡವುತ್ತಾರೆ ಅಂತ ತಿಳಿಯಬೇಕಿತ್ತು. ನನ್ನ ಮುಂದಿರುವ ವರದಿಯ ಸಾರ ಇಷ್ಟು: ಎತ್ತರ 45 ಮೀಟರ್, ಅಪ್‌ಸ್ಟ್ರೀಮ್ ವಿಧಾನದಲ್ಲಿ (ಪ್ರತಿ ಹೊಸ ಏರಿಯನ್ನು ಒಳಗಡೆಗೆ, ಹಳೆಯ ರೇವೆಯ ಮೇಲೆ ಕಟ್ಟುತ್ತಾ) ಹಂತಹಂತವಾಗಿ ಏರಿಸಿದ್ದು, ಸುರಕ್ಷತಾ ಗುಣಾಂಕ (ಕಟ್ಟೆಯ ಬಲ ಬೀಳಿಸುವ ಹೊರೆಯ ಎಷ್ಟು ಪಟ್ಟು ಎಂಬ ಅಂಕಿ) 1.5, ವರ್ಷಕ್ಕೊಮ್ಮೆ ಹೊರಗಿನ ತಜ್ಞರ ಭೇಟಿ, ಒಳಗಿನ ನೀರಿನ ಒತ್ತಡ ಅಳೆಯುವ 12 ಪೀಜೋಮೀಟರ್‌ಗಳಿವೆ, ಒಂದೂ ಎಚ್ಚರಿಕೆಯ ಮಟ್ಟ ಮುಟ್ಟಿಲ್ಲ. ಕಟ್ಟೆ ಕಂಪನಿಯದು, ತಜ್ಞರಿಗೆ ಹಣ ಕೊಡುವುದೂ ಕಂಪನಿಯೇ. ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಈ ವರದಿಯನ್ನು ನಂಬಬಹುದೇ ಎಂದು ನಿರ್ಧರಿಸಲು ಇನ್ನೇನು ಕೇಳಿ ಪಡೆಯಬೇಕು?

ಮಣ್ಣಿನಗುಣ:
ಮೊದಲ ಪ್ರಶ್ನೆ ಆ 1.5 ಯಾವ ಲೆಕ್ಕದ್ದು ಎಂಬುದು. ಡ್ರೈನ್ಡ್ ಬಲ (ನೀರು ಬಸಿದುಹೋಗಲು ಹೊತ್ತು ಸಿಕ್ಕಾಗ ಮಣ್ಣಿಗಿರುವ ಬಲ) ಹಿಡಿದು ಮಾಡಿದ ಲೆಕ್ಕವಾದರೆ ಅಪ್‌ಸ್ಟ್ರೀಮ್ ಕಟ್ಟೆಯ ಮಟ್ಟಿಗೆ ಅದು ಅರ್ಧ ಉತ್ತರ ಮಾತ್ರ.

ನೀರಿನ ಅಣೆಕಟ್ಟೆಯ ಏರಿಯನ್ನು ಆಯ್ದ ಮಣ್ಣು ತಂದು, ಪದರ ಪದರವಾಗಿ ದಮ್ಮಸು ಮಾಡಿ ಕಟ್ಟಿರುತ್ತಾರೆ. ಅಪ್‌ಸ್ಟ್ರೀಮ್ ಟೇಲಿಂಗ್ಸ್ ಡ್ಯಾಮಿನಲ್ಲಿ ಹೊಸ ಏರಿ ನಿಲ್ಲುವುದೇ ಹಿಂದೆ ಸುರಿದ ಗಣಿ ರೇವೆಯ ಮೇಲೆ. ಆ ರೇವೆ ಸಡಿಲವಾಗಿದ್ದು ನೀರು ತುಂಬಿಕೊಂಡಿದ್ದರೆ, ಒತ್ತಡ ಬಿದ್ದಾಗ ಕಣಗಳು ಹತ್ತಿರ ಸರಿಯಲು ನೋಡುತ್ತವೆ, ನಡುವಿನ ನೀರಿಗೆ ಹೊರಹೋಗಲು ಹೊತ್ತು ಸಿಗುವುದಿಲ್ಲ. ಹೊರೆ ಕಣಗಳಿಂದ ನೀರಿನ ಮೇಲೆ ಬೀಳುತ್ತದೆ, ಬಲ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ದ್ರವೀಕರಣ ಎನ್ನುವುದು ಇದನ್ನೇ. ಇದಕ್ಕೆ ಭೂಕಂಪವೇ ಆಗಬೇಕೆಂದಿಲ್ಲ.

ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು 86 ಮೀಟರ್ ಎತ್ತರದ ಕಟ್ಟೆ ಹೀಗೆಯೇ ಕುಸಿಯಿತು. ಸತ್ತವರು 270 ಮಂದಿ. ಅದಕ್ಕೆ ಕೆಲವೇ ತಿಂಗಳ ಹಿಂದೆ ಹೊರಗಿನ ಸಂಸ್ಥೆಯೊಂದು ಸ್ಥಿರತೆಯ ಪತ್ರಕ್ಕೆ ಸಹಿ ಹಾಕಿತ್ತು. ಅದೇ ಸಂಸ್ಥೆಯ ಲೆಕ್ಕದಲ್ಲಿ ಅನ್‌ಡ್ರೈನ್ಡ್ ಸ್ಥಿತಿಯ (ನೀರು ಹೊರಹೋಗಲು ಹೊತ್ತು ಸಿಗದಾಗಿನ) ಗುಣಾಂಕ 1.09 ಬಂದಿತ್ತು, ತಜ್ಞರು ಶಿಫಾರಸು ಮಾಡಿದ್ದು 1.3. ಹಾಗಾಗಿ ನೀವು ಕೇಳಬೇಕಾದದ್ದು ಮೂರು ಲೆಕ್ಕ: ಡ್ರೈನ್ಡ್, ಅನ್‌ಡ್ರೈನ್ಡ್ ಗರಿಷ್ಠ ಬಲ, ದ್ರವೀಕರಣದ ನಂತರ ಉಳಿಯುವ ಬಲ. ಮೂರನೆಯದರಲ್ಲಿ ಗುಣಾಂಕ 1ಕ್ಕಿಂತ ಕೆಳಗಿದ್ದು, ‘ದ್ರವೀಕರಣಕ್ಕೆ ಪ್ರಚೋದನೆಯೇ ಇಲ್ಲ, ಆದ್ದರಿಂದ ಅನ್ವಯಿಸದು’ ಎಂದು ಬರೆದಿದ್ದರೆ ಅಲ್ಲೇ ಕೆಂಪು ಗೆರೆ ಎಳೆಯಿರಿ. ಪ್ರಚೋದನೆ ಯಾವುದೆಂದು ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ. ರೇವೆ ಸಡಿಲವಾಗಿದ್ದು ನೀರು ತುಂಬಿದ್ದರೆ ಪ್ರಚೋದನೆ ಆಗಿಯೇ ಆಗುತ್ತದೆಂದು ಹಿಡಿದು ಲೆಕ್ಕ ಮಾಡುವುದೇ ಸರಿಯಾದ ದಾರಿ.

ಬಲದ ಅಂಕಿಗಳು ಎಲ್ಲಿಂದ ಬಂದವು ಅಂತಲೂ ನೋಡಿ. ರಂಧ್ರ ಒತ್ತಡ ಅಳೆಯುವ ಕೋನ್ ಪರೀಕ್ಷೆ ಮಾಡಿಸಿದ್ದಾರೆಯೇ? ಕೋನನ್ನು ಸೆಕೆಂಡಿಗೆ 2 ಸೆಂಟಿಮೀಟರ್‌ನಂತೆ ಇಳಿಸಿ, ನಡುನಡುವೆ ನಿಲ್ಲಿಸಿ ಒತ್ತಡ ಇಳಿಯುವುದನ್ನು ದಾಖಲಿಸಿದ ನಕ್ಷೆಗಳು ಬೇಕು. ಅದರಿಂದ ಬರುವ ಸ್ಟೇಟ್ ಪ್ಯಾರಾಮೀಟರ್ (ರೇವೆ ಎಷ್ಟು ಸಡಿಲ ಎಂದು ತೋರಿಸುವ ಅಂಕಿ) ಸುಮಾರು −0.05ಕ್ಕಿಂತ ಮೇಲಿದ್ದರೆ ರೇವೆ ಕುಗ್ಗುವ ಜಾತಿಯದು ಎಂದೇ ಹಿಡಿಯುತ್ತಾರೆ. ಪ್ರಯೋಗಾಲಯದಲ್ಲಿ ಮತ್ತೆ ಕಲಸಿ ತಯಾರಿಸಿದ ಒಂದೆರಡು ಮಾದರಿಯನ್ನು ಸುತ್ತಲಿಂದ ಒತ್ತಿ ಬಲ ಅಳೆದ ಟ್ರೈಯಾಕ್ಸಿಯಲ್ ಫಲಿತಾಂಶವನ್ನಷ್ಟೇ ಇಟ್ಟುಕೊಂಡು ಇಡೀ ಕಟ್ಟೆಗೆ ಬಲ ನಿಗದಿ ಮಾಡಿದ್ದರೆ ಒಪ್ಪಬೇಡಿ.

ತೂಬುಕೋಡಿ:
ಮಣ್ಣಿನಗುಣ ಅವರ ಮಾತಿಗೆ ನೀರಿನ ಕಡೆಯದ್ದೊಂದಿಷ್ಟು ಸೇರಿಸುತ್ತೇನೆ. ಈ ಕಟ್ಟೆಗಳಲ್ಲಿ ಎಲ್ಲ ತಂಟೆಯ ಬೇರು ನೀರು.

ಏರಿಯ ಅಂಚಿನಿಂದ ಕೊಳದ ನೀರು ಎಷ್ಟು ದೂರ ಇರಬೇಕೆಂದು ವಿನ್ಯಾಸದಲ್ಲಿದೆ, ಕಳೆದ 5 ವರ್ಷ ನಿಜವಾಗಿ ಎಷ್ಟು ದೂರ ಇತ್ತು? ಇದಕ್ಕೆ ಕಂಪನಿಯ ವರದಿ ಬೇಕಿಲ್ಲ, ಉಪಗ್ರಹ ಚಿತ್ರ ತೆರೆದು ತಿಂಗಳಿಗೊಂದರಂತೆ ಅಳೆಯಬಹುದು. ರೇವೆಯನ್ನು ಏರಿಯ ಕಡೆಯಿಂದ ಸುರಿದಾಗ ದಪ್ಪ ಮರಳು ಹತ್ತಿರ ಇಳಿದು, ನುಣ್ಣನೆಯ ಗೋಡು ಕೊಳದಲ್ಲಿ ಕೂರುತ್ತದೆ. ಕೊಳ ಏರಿಯ ಕಡೆ ನುಗ್ಗಿದರೆ ಗೋಡೂ ಅಲ್ಲೇ ಕೂರುತ್ತದೆ, ಮುಂದಿನ ಹಂತ ಅದರ ಮೇಲೆ ಏಳುತ್ತದೆ. ಬ್ರೆಜಿಲ್‌ನದೇ ಮರಿಯಾನಾದ ಫುಂಡಾವುಂ ಕಟ್ಟೆಯಲ್ಲಿ 200 ಮೀಟರ್ ಮರಳು ದಂಡೆ ಇರಬೇಕಿತ್ತು, ನೀರು 60 ಮೀಟರ್‌ವರೆಗೂ ಬಂದಿತ್ತು. ಅದು ಸಾಲದೆಂಬಂತೆ, ಎಡದಂಡೆಯ ಕೆಳಗಿನ ಕಾಂಕ್ರೀಟ್ ಕೊಳವೆಯಲ್ಲಿ ದೋಷ ಕಂಡದ್ದರಿಂದ ಏರಿಯ ಸಾಲನ್ನೇ ಹಿಂದಕ್ಕೆ, ಗೋಡಿನ ಮೇಲಕ್ಕೆ ಸರಿಸಿದರು. 2015ರ ನವೆಂಬರ್ 5ರಂದು ಒಡೆದದ್ದು ಅಲ್ಲಿಯೇ, 19 ಜನ ಹೋದರು. ಮೂಲ ವಿನ್ಯಾಸಕ್ಕೂ ಇಂದಿನ ಕಟ್ಟೆಗೂ ಎಲ್ಲೆಲ್ಲಿ ವ್ಯತ್ಯಾಸವಿದೆ, ಪ್ರತಿ ಬದಲಾವಣೆಗೆ ಯಾರು ಸಹಿ ಹಾಕಿದರು ಎಂಬ ಪಟ್ಟಿ ಅದಕ್ಕೇ ಮುಖ್ಯ.

ಫ್ರೀಬೋರ್ಡ್ (ನೀರಿನ ಮಟ್ಟದಿಂದ ಏರಿಯ ತಲೆಯವರೆಗಿನ ಖಾಲಿ ಎತ್ತರ): ದಕ್ಷಿಣ ಆಫ್ರಿಕಾದ ಮೆರಿಸ್‌ಪ್ರೈಟ್‌ನಲ್ಲಿ 1994ರ ಫೆಬ್ರುವರಿ 22ರಂದು ಅರ್ಧ ಗಂಟೆಯಲ್ಲಿ ಸುಮಾರು 50 ಮಿಲಿಮೀಟರ್ ಮಳೆ ಸಾಕಾಯಿತು, ನೀರು ಏರಿ ಹತ್ತಿ ಹರಿದು 17 ಜನ ಸತ್ತರು. ಅಷ್ಟು ಹೊತ್ತಿಗೆ ಕೊಳ ತೂಬಿನಿಂದ ದೂರ, ಏರಿಗೆ ತಾಗಿ ನಿಂತಿತ್ತು. ತೂಬಿನ ಗೋಪುರ ಇರುವ ಕಡೆ ನೀರೇ ಇಲ್ಲದಿದ್ದರೆ ತೂಬು ಇದ್ದೂ ಇಲ್ಲದ ಹಾಗೆ. ಎಲ್ಲಕ್ಕಿಂತ ಮೇಲಿನ ‘ತೀವ್ರ’ ಅಪಾಯದ ವರ್ಗದ ಕಟ್ಟೆಗೆ ಟೇಲಿಂಗ್ಸ್ ನಿರ್ವಹಣೆಯ ಜಾಗತಿಕ ಮಾನದಂಡ (GISTM) ಕೇಳುವುದು 10,000 ವರ್ಷಕ್ಕೊಮ್ಮೆಯ ಪ್ರವಾಹ. ಕೋಡಿಯೇ ಇಲ್ಲದ ಕಟ್ಟೆಯಾದರೆ ಅಷ್ಟೂ ನೀರು ಒಳಗೇ ಹಿಡಿಯಬೇಕು, ಮೇಲೆ ಅಲೆಗೂ ಜಾಗ ಉಳಿಯಬೇಕು.

ಇನ್ನು 12 ಪೀಜೋಮೀಟರ್. ಎಷ್ಟು ಅನ್ನುವುದಕ್ಕಿಂತ ತುದಿ ಯಾವ ಆಳದಲ್ಲಿ, ಯಾವ ಪದರದಲ್ಲಿ ಕೂತಿದೆ ಎಂಬುದನ್ನು ನೋಡಿ. ಎಲ್ಲವೂ ಏರಿಯ ಮಣ್ಣಿನಲ್ಲಿದ್ದು ತಳಪಾಯದಲ್ಲಿ ಒಂದೂ ಇಲ್ಲದಿದ್ದರೆ ಅರ್ಧ ಕುರುಡು. ವರ್ಷಗಟ್ಟಲೆ ಒಂದೇ ಅಂಕಿ ತೋರಿಸುವ ಉಪಕರಣ ಬಹಳ ಸಲ ಸತ್ತಿರುತ್ತದೆ. ಎಚ್ಚರಿಕೆಯ ಮಟ್ಟವನ್ನು ಹೇಗೆ ಇಟ್ಟರು? ಹಳೆಯ ಅಂಕಿಗಳ ಸರಾಸರಿಗೆ ಸ್ವಲ್ಪ ಸೇರಿಸಿ ಇಟ್ಟಿದ್ದರೆ ಆ ಮಟ್ಟಕ್ಕೂ ಕಟ್ಟೆಯ ಸ್ಥಿರತೆಗೂ ಸಂಬಂಧವಿಲ್ಲ. ನೀರಿನ ಮಟ್ಟ ಎಷ್ಟು ಏರಿದರೆ ಗುಣಾಂಕ ಎಷ್ಟಕ್ಕೆ ಇಳಿಯುತ್ತದೆ ಎಂದು ಹಿಂದಕ್ಕೆ ಲೆಕ್ಕ ಹಾಕಿ ಇಡಬೇಕು.

ಜಿನುಗು ನೀರನ್ನು ವಿ-ನಾಚ್ ತಡೆಯಲ್ಲಿ (ಹರಿವು ಅಳೆಯಲು V ಆಕಾರದಲ್ಲಿ ಕೊಯ್ದ ಹಲಗೆಯಲ್ಲಿ) ಅಳೆದ ದಾಖಲೆಯನ್ನು ಪೀಜೋಮೀಟರ್ ನಕ್ಷೆಯ ಪಕ್ಕದಲ್ಲಿ ಇಟ್ಟು ಓದಿ. ಡ್ರೈನ್‌ನ ಹರಿವು ಇಳಿಯುತ್ತಾ ಒಳಗಿನ ಮಟ್ಟ ಏರುತ್ತಿದ್ದರೆ ಡ್ರೈನ್ ಕಟ್ಟಿಕೊಳ್ಳುತ್ತಿದೆ, ಕಬ್ಬಿಣದ ಕೆಂಪು ಲೋಳೆಯೋ ಸುಣ್ಣದ ಪೊರೆಯೋ ಕಾರಣವಿರಬಹುದು. ಮಳೆಯಿಲ್ಲದೆ ಹರಿವು ಹೆಚ್ಚಿ ನೀರು ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ, ಅದು ಮುಂದಿನ ಸಭೆಯವರೆಗೆ ಕಾಯುವ ವಿಷಯವಲ್ಲ.

ಒಂದು ಎಚ್ಚರಿಕೆ: ಉಪಕರಣಗಳ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಬ್ರುಮಾಡಿನ್ಯೊದಲ್ಲಿ ಕುಸಿತಕ್ಕೆ ಮುಂಚೆ ಯಾವ ಮಾಪನವೂ ಗಮನಾರ್ಹ ಸೂಚನೆ ಕೊಡಲಿಲ್ಲವೆಂದು ತನಿಖಾ ತಜ್ಞರು ಬರೆದಿದ್ದಾರೆ.

ಸಹಿದಾರ:
ತಾಂತ್ರಿಕ ಪ್ರಶ್ನೆಗಳು ಬಂದಿವೆ. ‘ಹಣ ಕೊಡುವುದೂ ಕಂಪನಿಯೇ’ ಎಂಬ ಸಾಲಿಗೆ ಉತ್ತರ ಕೊಡುತ್ತೇನೆ, ನನ್ನ ದೃಷ್ಟಿಯಲ್ಲಿ ಅದೇ ತಿರುಳು.

ವರ್ಷಕ್ಕೊಮ್ಮೆ ಬಂದು ನಡೆದಾಡಿ ಹೋಗುವ ತಪಾಸಣೆಯಿಂದ ತಳಪಾಯದ ದೋಷ ಕಾಣುವುದಿಲ್ಲ. ಕೆನಡಾದ ಮೌಂಟ್ ಪಾಲಿಯಲ್ಲಿ 2014ರ ಆಗಸ್ಟ್ 4ರಂದು ಏರಿ ಒಡೆದದ್ದು ಅಡಿಯಲ್ಲಿದ್ದ ಹಿಮನದಿ ಸರೋವರದ ಜೇಡಿಪದರದಿಂದ, ಜೊತೆಗೆ ಇಳಿಜಾರು 1.3ಕ್ಕೆ 1ರಷ್ಟು ಕಡಿದಾಗಿತ್ತು. ಸರ್ಕಾರಿ ತಪಾಸಣೆ ಇನ್ನಷ್ಟು ಸಲ ನಡೆದಿದ್ದರೂ ತಪ್ಪುತ್ತಿರಲಿಲ್ಲ ಎಂದೇ ಸ್ವತಂತ್ರ ಸಮಿತಿ ಹೇಳಿತು. ತಪಾಸಣೆಯ ಸಂಖ್ಯೆ ಹೆಚ್ಚಿಸುವ ಬದಲು ಸ್ವತಂತ್ರ ಪರಾಮರ್ಶೆ ಮಂಡಳಿ ಬೇಕು ಎಂಬ ಸಲಹೆ ಅಲ್ಲಿಂದಲೇ ಬಲಗೊಂಡದ್ದು.

2020ರ ಆಗಸ್ಟ್‌ನಲ್ಲಿ ಬಂದ ಜಾಗತಿಕ ಮಾನದಂಡದಲ್ಲಿ 77 ಷರತ್ತುಗಳಿವೆ. ಎಲ್ಲವನ್ನೂ ಪಟ್ಟಿ ಮಾಡುವ ಅಗತ್ಯವಿಲ್ಲ, ಇವಿಷ್ಟು ನೋಡಿದರೆ ಕಂಪನಿಯ ನಿಜ ಸ್ಥಿತಿ ಗೊತ್ತಾಗುತ್ತದೆ. ಕಂಪನಿಯ ಮೇಲಿನ ಹಂತದಲ್ಲಿ ಹೊಣೆಗಾರ ಅಧಿಕಾರಿ ಒಬ್ಬರು ಇದ್ದಾರೆಯೇ, ಅವರ ವರದಿ ನೇರ ಮುಖ್ಯಸ್ಥರಿಗೂ ನಿರ್ದೇಶಕ ಮಂಡಳಿಗೂ ಹೋಗುತ್ತದೆಯೇ, ಅಥವಾ ಉತ್ಪಾದನೆಯ ಮ್ಯಾನೇಜರ್ ಕೈ ದಾಟಿ ಹೋಗಬೇಕೇ? ಎಂಜಿನಿಯರ್ ಆಫ್ ರೆಕಾರ್ಡ್ (ಕಟ್ಟೆಯ ವಿನ್ಯಾಸಕ್ಕೆ ಅಧಿಕೃತ ಹೊಣೆ ಹೊತ್ತ ಎಂಜಿನಿಯರ್) ಎಷ್ಟು ಸಲ ಬದಲಾಗಿದ್ದಾರೆ? ಬದಲಾದಾಗಲೆಲ್ಲ ಹಳಬರು ಬಿಟ್ಟುಹೋದ ಬಾಕಿ ಕೆಲಸಗಳ ಪಟ್ಟಿಯನ್ನು ಕೇಳಿ, ಹಳೆಯ ವರದಿಯನ್ನೂ ಹೊಸ ವರದಿಯನ್ನೂ ಪಕ್ಕಪಕ್ಕ ಇಡಿ. ಹೊಸ ಪರೀಕ್ಷೆ ಏನೂ ಇಲ್ಲದೆ ಬಲದ ಅಂಕಿ ಮಾತ್ರ ಮೇಲೇರಿದ್ದರೆ ಕಾರಣ ಲಿಖಿತವಾಗಿ ಬರಲಿ.

ಕಟ್ಟೆ ಸುರಕ್ಷತಾ ಪರಾಮರ್ಶೆ ಅತಿ ಹೆಚ್ಚು ಮತ್ತು ತೀವ್ರ ಅಪಾಯದ ವರ್ಗಕ್ಕೆ ಕನಿಷ್ಠ 5 ವರ್ಷಕ್ಕೊಮ್ಮೆ, ಉಳಿದವಕ್ಕೆ 10 ವರ್ಷಕ್ಕೊಮ್ಮೆ. ಒಬ್ಬರೇ ಸತತ ಎರಡು ಸಲ ಮಾಡುವಂತಿಲ್ಲ. ಪರಾಮರ್ಶೆ ಮಾಡುವವರು ಅದೇ ಕಂಪನಿಯಿಂದ ವಿನ್ಯಾಸದ ಕೆಲಸವನ್ನೂ ಪಡೆಯುತ್ತಿದ್ದಾರೆಯೇ ಅಂತ ಗುತ್ತಿಗೆ ಪತ್ರ ನೋಡಿ. ಅವರ ಶಿಫಾರಸುಗಳಲ್ಲಿ ಎಷ್ಟು ಮುಗಿದಿವೆ, ಎಷ್ಟು ಮೂರು ವರ್ಷದಿಂದ ‘ಪ್ರಗತಿಯಲ್ಲಿದೆ’ ಎಂದೇ ಉಳಿದಿವೆ? ಮತ್ತೊಂದು: ರೇವೆ ಸುರಿಯುವುದನ್ನು ನಿಲ್ಲಿಸಿ ಎಂದು ಆಜ್ಞೆ ಮಾಡುವ ಅಧಿಕಾರ ಯಾರಿಗೆ ಇದೆ, ಆ ಹೆಸರು ಕಾರ್ಯಾಚರಣೆ ಕೈಪಿಡಿಯಲ್ಲಿ ಅಚ್ಚಾಗಿದೆಯೇ? ಉತ್ತರ ಬರಲು ತಡವಾದರೆ ಅಂಥ ಅಧಿಕಾರ ಯಾರಿಗೂ ಇಲ್ಲ ಎಂದೇ ತಿಳಿಯಿರಿ.

ಸರ್ಕಾರದ ಕಡೆಯ ಕೊರತೆಯನ್ನೂ ಮರೆಯಬಾರದು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್‌ನಲ್ಲಿ ಹಳೆಯ ವಜ್ರದ ಗಣಿಯ ರೇವೆಯನ್ನು ಮತ್ತೆ ಸೋಸುತ್ತಿದ್ದರು. ಅಂಥ ಹಳೆಯ ರಾಶಿ ಗಣಿ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು 2007ರಲ್ಲಿ ಕೋರ್ಟ್ ತೀರ್ಪು ಬಂದಿತ್ತು, ಹಾಗಾಗಿ ಗಣಿ ಇಲಾಖೆ ತನಗೆ ಅಧಿಕಾರವಿಲ್ಲ ಎಂದಿತು. 2022ರ ಸೆಪ್ಟೆಂಬರ್ 11ರಂದು ಕಟ್ಟೆ ಒಡೆದು ಊರಿನ ಮೇಲೆ ಹರಿಯಿತು. ನಿಮ್ಮ ಕಟ್ಟೆಯ ಮೇಲೆ ಗಣಿ, ನೀರು, ಪರಿಸರ ಇಲಾಖೆಗಳಲ್ಲಿ ಯಾರಿಗೆ ಏನು ಅಧಿಕಾರವಿದೆ, ಮಾಲೀಕತ್ವ ಕೈ ಬದಲಾದರೆ ಅದು ಉಳಿಯುತ್ತದೆಯೇ, ಮುಚ್ಚುವ ಖರ್ಚಿನ ಠೇವಣಿ ಯಾರ ಕೈಯಲ್ಲಿದೆ ಎಂಬುದು ಒಂದೇ ಪುಟದಲ್ಲಿ ಸಿಗಬೇಕು.

ಕಟ್ಟೆಲೆಕ್ಕ:
ಮೂವರಿಗೂ ಧನ್ಯವಾದಗಳು. ವರದಿಯ ಅನುಬಂಧ ನೋಡಿದೆ, ಡ್ರೈನ್ಡ್ ಲೆಕ್ಕ ಒಂದೇ ಇದೆ. ಕೋನ್ ಪರೀಕ್ಷೆಯ ನಕ್ಷೆ ಇಲ್ಲ. ಎರಡು ಸಣ್ಣ ಪ್ರಶ್ನೆ. ರೇವೆ ಸುರಿಯುವುದನ್ನು ನಿಲ್ಲಿಸಿಬಿಟ್ಟರೆ ಅಪಾಯ ತಗ್ಗುತ್ತದೆಯೇ? ಒಡೆದರೆ ಎಲ್ಲಿಯವರೆಗೆ ಹರಿಯುತ್ತದೆ ಎಂಬ ನಕ್ಷೆಯಲ್ಲಿ ಏನು ನೋಡಬೇಕು?

ಸಹಿದಾರ:
ನಕ್ಷೆಯಲ್ಲಿ ಮೊದಲು ಕಟ್ಟೆಯ ಬುಡಕ್ಕೆ ಹತ್ತಿರದ ಕಟ್ಟಡಗಳನ್ನು ನೋಡಿ. ಬ್ರುಮಾಡಿನ್ಯೊದಲ್ಲಿ ಕಂಪನಿಯ ಕ್ಯಾಂಟೀನ್ ಮತ್ತು ಕಚೇರಿ ಕಟ್ಟೆಯ ಕೆಳಗೇ ಇದ್ದವು. ಬ್ರೆಜಿಲ್‌ನ 2017ರ ನಿಯಮ 10 ಕಿಲೋಮೀಟರ್ ಅಥವಾ 30 ನಿಮಿಷದ ಹರಿವಿನ ಲೆಕ್ಕದಲ್ಲಿ ಸ್ವಯಂ ಪಾರಾಗುವ ವಲಯ ಗುರುತಿಸಿತ್ತು, ಏಕೆಂದರೆ ಅಷ್ಟರೊಳಗೆ ಹೊರಗಿನ ನೆರವು ತಲುಪುವುದಿಲ್ಲ. ಆ ವಲಯದ ಮನೆಗಳವರಿಗೆ ಸೈರನ್ ಕೇಳಿಸುತ್ತದೆಯೇ, ರಾತ್ರಿ ಅಣಕು ಕಾರ್ಯಾಚರಣೆ ಆಗಿದೆಯೇ ಅಂತ ವಿಚಾರಿಸಿ. ನಕ್ಷೆಯನ್ನು ಕಂಪನಿ ಗುಟ್ಟು ಎಂದು ಮುಚ್ಚಿಟ್ಟರೆ ಒಪ್ಪಬೇಡಿ, ಕೆಳಗಿರುವವರಿಗೆ ಗೊತ್ತಿಲ್ಲದ ನಕ್ಷೆಯಿಂದ ಒಂದು ಜೀವವೂ ಉಳಿಯದು.

ಮಣ್ಣಿನಗುಣ:
ಸುರಿಯುವುದು ನಿಂತ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಬ್ರುಮಾಡಿನ್ಯೊ ಕಟ್ಟೆಗೆ 2016ರ ನಂತರ ರೇವೆ ಬಿದ್ದಿರಲಿಲ್ಲ. ಮಳೆನೀರು ಇಳಿಯುತ್ತಲೇ ಇರುತ್ತದೆ, ಹೊರೆಯ ಅಡಿಯಲ್ಲಿ ರೇವೆ ನಿಧಾನವಾಗಿ ಜರುಗುತ್ತಲೇ ಇರುತ್ತದೆ. ಕೊಳವನ್ನು ಖಾಲಿ ಮಾಡಿ, ಮೇಲ್ಮೈ ನೀರು ಒಳಗೆ ಬಾರದಂತೆ ಕಾಲುವೆ ತಿರುಗಿಸಿ, ಬುಡಕ್ಕೆ ಕಲ್ಲಿನ ಒತ್ತುಗಟ್ಟೆ ಕೊಡಬೇಕು. ಒತ್ತುಗಟ್ಟೆಗೆ ಬುಡ ಅಗೆಯುವಾಗ ಉದ್ದಕ್ಕೂ ಒಂದೇ ಸಲ ತೆರೆದರೆ ಆ ಅಗೆತವೇ ಕಟ್ಟೆ ಬೀಳಲು ಕಾರಣವಾಗಬಹುದು. ಸಣ್ಣ ಸಣ್ಣ ತುಂಡುಗಳಾಗಿ ತೆಗೆದು, ಒಂದನ್ನು ಕಲ್ಲು ತುಂಬಿ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಹೊಸ ಪೀಜೋಮೀಟರ್‌ಗೆ ಕೊರೆಯುವಾಗಲೂ ಒತ್ತಡದ ನೀರು ಬಳಸಲು ಬಿಡಬೇಡಿ. ಕೊರೆಯುವ ವಿಧಾನಕ್ಕೆ ಪ್ರತ್ಯೇಕ ಅಪಾಯ ಲೆಕ್ಕ ಮಾಡಿಸಿ, ಆ ದಿನಗಳಲ್ಲಿ ಕೆಳಗಿನ ಜಾಗ ಖಾಲಿ ಮಾಡಿಸಿಯೇ ಯಂತ್ರ ಏರಿಗೆ ಹತ್ತಲಿ.