ಮುತ್ತಜ್ಜಿಯ ಅಪ್ಪನ ಉಯಿಲು ಎಲ್ಲಿ ಹುಡುಕಲಿ?

ಪ್ರಶ್ನೆ:
ನಮಸ್ಕಾರ. ನಮ್ಮ ಮುತ್ತಜ್ಜಿಯ ಅಪ್ಪ ಮಡಿಕೇರಿ ಹತ್ತಿರ ಕಾಫಿ ತೋಟ ಮಾಡಿದ್ದ ಇಂಗ್ಲಿಷ್ ದೊರೆ. 1880ರ ಸುಮಾರಿಗೆ ತೀರಿಕೊಂಡರಂತೆ. ಮುತ್ತಜ್ಜಿಯ ತಾಯಿ ಲೈನ್‌ಮನೆಯ ಕೂಲಿ ಹೆಂಗಸು. ಈಗ ನಮ್ಮ ಹತ್ತಿರ ಉಳಿದಿರೋದು ಒಂದು ಬೆಳ್ಳಿ ಚಮಚ. ಹಿಡಿಯ ಮೇಲೆ ಎರಡು ಇಂಗ್ಲಿಷ್ ಅಕ್ಷರ, ಎರಡನೆಯದು ಸವೆದು ಅರ್ಧ ಅಳಿಸಿದೆ. ಅಜ್ಜಿ ಅದನ್ನು ಸೀರೆ ಮಡಿಕೆಯಲ್ಲಿ ಇಡುತ್ತಿದ್ದರು. ತೋಟ ಯಾರ ಪಾಲಾಯಿತು? ಉಯಿಲಿನಲ್ಲಿ ಮಗಳ ಹೆಸರಿತ್ತಾ? ಆಸ್ತಿ ಬೇಡ, ಹೆಸರಿತ್ತಾ ಅಂತ ತಿಳಿದರೆ ಸಾಕು.

ಉತ್ತರ 1:
ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳಿವೆ, ಅಂದರೆ ಬ್ರಿಟಿಷರ ಕಾಲದ ಭಾರತದ ಆಡಳಿತದ ಕಾಗದಪತ್ರಗಳು. ದೀಕ್ಷಾಸ್ನಾನ, ಮದುವೆ, ಸಾವು ಬರೆದಿಟ್ಟ ಮದ್ರಾಸ್ ಕಡೆಯ ಚರ್ಚ್ ರಿಜಿಸ್ಟರ್‌ಗಳು ಎನ್/2 ಸರಣಿಯಲ್ಲಿ, ಉಯಿಲುಗಳು ಎಲ್/ಎಜಿ/34/29ರಲ್ಲಿ. ಮೊದಲು ಫಿಬಿಸ್ (ಬ್ರಿಟಿಷ್ ಭಾರತದ ಕುಟುಂಬಗಳ ವಂಶಾವಳಿ ಹುಡುಕುವವರ ಸಂಘ) ಜಾಲತಾಣದಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ಹೆಸರಿನ ಸ್ಪೆಲಿಂಗ್ ಬದಲಿಸಿ ಬದಲಿಸಿ ನೋಡಿ.

ಉತ್ತರ 2:
ಒಂದು ಮಾತು ಅಮ್ಮಾ, ಬೇಜಾರಾಗಬೇಡಿ. ಚರ್ಚಿನಲ್ಲಿ ಮದುವೆ ಆಗಿರದಿದ್ದರೆ, 1865ರ ವಾರಸು ಕಾಯ್ದೆ ಪ್ರಕಾರ ಉಯಿಲಿಲ್ಲದೆ ಮಗಳಿಗೆ ಪಾಲಿಲ್ಲ. ಹಾಗಾಗಿ ಕೆಲವರು ಉಯಿಲಿನಲ್ಲೇ ಹೆಸರು ಹಿಡಿದು ಇಷ್ಟು ರೂಪಾಯಿ ಅಂತ ಬರೆದರು. ತಾಯಿಯ ಹೆಸರನ್ನೂ ಹುಡುಕಿ. ಸತ್ತವರ ಸಾಮಾನಿನ ಪಟ್ಟಿಯೂ ಸಿಗಬಹುದು, ಚಮಚಗಳನ್ನೂ ಎಣಿಸಿ ಬರೆಯುತ್ತಿದ್ದರು.

ಪ್ರಶ್ನೆ ಕೇಳಿದವರು:
ಚಮಚ ಎಣಿಸುತ್ತಿದ್ದರು ಅಂದಿರಲ್ಲ, ಕಣ್ಣು ತುಂಬಿತು. ಮುತ್ತಜ್ಜಿಯ ದೀಕ್ಷಾಸ್ನಾನ ಆಗಿತ್ತು ಅಂತ ಅತ್ತೆ ಹೇಳುತ್ತಿದ್ದರು. ಅಲ್ಲಿಂದಲೇ ಶುರು ಮಾಡುತ್ತೇನೆ, ಇವತ್ತು ರಾತ್ರಿಯೇ.