ಬೈಲಕುಪ್ಪೆಯಲ್ಲಿ ಹುಟ್ಟಿದವರಿಗೆ ಪಾಸ್‌ಪೋರ್ಟ್ ಸಿಗುತ್ತಾ?

ಪ್ರಶ್ನೆ: ನಮಸ್ತೆ ಮೇಡಂ. ಪಿರಿಯಾಪಟ್ಟಣದಲ್ಲಿ ನಮ್ಮ ಅಂಗಡಿ ಇದೆ. ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನ ಗೆಳೆಯನೊಬ್ಬ 1984ರಲ್ಲಿ ಇಲ್ಲೇ ಹುಟ್ಟಿದವನು. ಕನ್ನಡ ನನಗಿಂತ ಚೆನ್ನಾಗಿ ಮಾತಾಡುತ್ತಾನೆ. ಆದರೂ ವಿದೇಶಿಯರ ನೋಂದಣಿ ಪತ್ರ, ಅದೇ ಆರ್‌ಸಿ, ನವೀಕರಣಕ್ಕೆ ಓಡಾಡುತ್ತಾನೆ. ತಂಗಿ ಹುಟ್ಟಿದ್ದು 1990ರಲ್ಲಿ. ಇಬ್ಬರಿಗೂ ಪಾಸ್‌ಪೋರ್ಟ್ ಸಿಗುತ್ತಾ?

ವಕೀಲರ ಉತ್ತರ: ಗೆಳೆಯರ ವಿಷಯ ಸುಲಭ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಅಪ್ಪ ಅಮ್ಮ ಯಾರು ಅಂತ ಕಾನೂನು ಕೇಳುವುದಿಲ್ಲ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿವೆ. ತಂಗಿಯ ವಿಷಯಕ್ಕೆ ಒಂದು ಮಾತು ಗೊತ್ತಾಗಬೇಕು: ಅಪ್ಪ ಅಮ್ಮ ಎಲ್ಲಿ, ಯಾವಾಗ ಹುಟ್ಟಿದ್ದು?

ಇನ್ನೊಬ್ಬ ಸದಸ್ಯರು: ಮೇಡಂ, ಬೇಜಾರು ಮಾಡ್ಕೋಬೇಡಿ. ನಮ್ಮೂರಲ್ಲಿ ತುಂಡು ಜಮೀನಿಲ್ಲದವರು ಎಷ್ಟೋ ಜನ. ಟಿಬೆಟಿಯನ್ನರಿಗೆ ಮಾತ್ರ ಎಕರೆಗಟ್ಟಲೆ ಜಮೀನು ಯಾಕೆ?

ವಕೀಲರ ಉತ್ತರ: ಜಮೀನಿಲ್ಲದವರ ಸಿಟ್ಟು ಸುಳ್ಳಲ್ಲ. ಆದರೆ ಆ ಜಮೀನು ಅವರ ಸ್ವಂತದ್ದಲ್ಲ, ಗುತ್ತಿಗೆಯದು. ಮಾರಿಕೊಳ್ಳುವ ಹಾಗಿಲ್ಲ. 1959ರಲ್ಲಿ ದಲೈ ಲಾಮಾ ಬಂದ ಮೇಲೆ ನೆಹರೂ ರಾಜ್ಯಗಳನ್ನು ಜಾಗ ಕೇಳಿದರು, ಆಗಿನ ಮೈಸೂರು ಸರ್ಕಾರ ಒಪ್ಪಿತು. ಕೊಟ್ಟಿದ್ದು ಕಾಡು. ಅದನ್ನು ಕಡಿದು ಜೋಳ ಬೆಳೆದವರು ಅವರೇ. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಕ್ಯಾಂಪುಗಳಾದವು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾಯ್ದೆಯೂ ಇಲ್ಲ. ಹಾಗಾಗಿ ಎಲ್ಲವೂ ಸರ್ಕಾರಿ ಆದೇಶದ ಮೇಲೆ ನಡೆಯುತ್ತದೆ. ಟಿಬೆಟಿಯನ್ನರಿಗೆ ಜಮೀನು ಸಿಕ್ಕಿತು, ಬೇರೆ ಎಷ್ಟೋ ನಿರಾಶ್ರಿತರಿಗೆ ಹೀಗೆ ಸಿಗಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮೊದಲ ಸದಸ್ಯರು: ಕೇಳಿದೆ ಮೇಡಂ. ಅಪ್ಪ ಟಿಬೆಟಿನಲ್ಲಿ, ಅಮ್ಮ 1962ರಲ್ಲಿ ಇದೇ ಕ್ಯಾಂಪಿನಲ್ಲಿ.

ವಕೀಲರ ಉತ್ತರ: ಹಾಗಾದರೆ ಅಮ್ಮನೇ ಭಾರತೀಯಳಾದಳು, ಅಲ್ವಾ? 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಒಳಗೆ ಇಲ್ಲಿ ಹುಟ್ಟಿದವರಿಗೆ ಅಪ್ಪ ಅಥವಾ ಅಮ್ಮ, ಒಬ್ಬರು ಭಾರತೀಯರಾಗಿದ್ದರೆ ಸಾಕು. ತಂಗಿಗೂ ಹಕ್ಕಿದೆ. ಮೊದಲು ಅಮ್ಮನ ಜನನ ದಾಖಲೆ ಹುಡುಕಿ, ಎಲ್ಲಾ ಅದರ ಮೇಲೇ ನಿಂತಿದೆ. ಇನ್ನೊಂದು, ಅರ್ಜಿ ಹಾಕುವ ಮೊದಲು ಮನೆಯಲ್ಲಿ ಕೂತು ಮಾತಾಡಲಿ. ಆರ್‌ಸಿ ರದ್ದು ಮಾಡಿಸಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು ಅಂತ 2017ರಲ್ಲಿ ಕೇಂದ್ರ ಷರತ್ತು ಹಾಕಿತ್ತು. ಈಗಿನ ನಿಯಮ ಏನು ಅಂತ ಪಾಸ್‌ಪೋರ್ಟ್ ಕಚೇರಿಯಲ್ಲಿ ಬರಹದಲ್ಲೇ ಕೇಳಿ.