ಏನು ಹುಡುಕಿದರೂ ‘ಅಸಾಮಾನ್ಯ ಟ್ರಾಫಿಕ್’ ಎಚ್ಚರಿಕೆ: ಫೋನ್ ರೀಸೆಟ್ ಮಾಡಬೇಕೇ?

ಪ್ರಶ್ನೆ:
ನಾಲ್ಕು ದಿನಗಳಿಂದ ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಏನು ಹುಡುಕಿದರೂ ‘ನಿಮ್ಮ ನೆಟ್‌ವರ್ಕ್‌ನಿಂದ ಅಸಾಮಾನ್ಯ ಟ್ರಾಫಿಕ್ ಬರುತ್ತಿದೆ’ ಎಂಬ ಪುಟವೇ ತೆರೆದುಕೊಳ್ಳುತ್ತಿದೆ. ‘ನಾನು ರೋಬಾಟ್ ಅಲ್ಲ’ ಎಂದು ಗುರುತು ಹಾಕಿ, ಬಸ್ಸಿರುವ ಚೌಕಗಳನ್ನೆಲ್ಲ ಒತ್ತಿದರೆ ಎರಡು ಮೂರು ಹುಡುಕಾಟಕ್ಕೆ ದಾರಿ ಬಿಡುತ್ತದೆ, ಆಮೇಲೆ ಮತ್ತೆ ಅದೇ ರಾಗ. ಕುಕೀಗಳನ್ನು ಅಳಿಸಿದ ಮೇಲೆ ಕಾಟ ಇನ್ನೂ ಹೆಚ್ಚಾಯಿತು. ವೈರಸ್ ಹೊಕ್ಕಿದೆಯೇ? ಫ್ಯಾಕ್ಟರಿ ರೀಸೆಟ್ ಮಾಡಿಬಿಡಲೇ?

ಉತ್ತರ:
ರೀಸೆಟ್ ಬೇಡ, ಸ್ವಲ್ಪ ತಡೆಯಿರಿ. ಆ ಎಚ್ಚರಿಕೆ ನಿಮ್ಮ ಮೇಲಿನದಲ್ಲ, ನಿಮ್ಮ ಐಪಿ ವಿಳಾಸದ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮೇಲಿನದು. ಇಂಥ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು, ಅವು ಎಲ್ಲ ಫೋನುಗಳಿಗೂ ಸಾಲುವುದಿಲ್ಲ. ಆದ್ದರಿಂದ ಮೊಬೈಲ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಅವರಲ್ಲಿ ಯಾರೋ ಒಬ್ಬರು ಸ್ಕ್ರಿಪ್ಟ್ (ಕೆಲಸವನ್ನು ತಾನಾಗಿಯೇ ಮಾಡುವ ಪುಟ್ಟ ಪ್ರೋಗ್ರಾಂ) ಓಡಿಸಿ ಸಾವಿರಗಟ್ಟಲೆ ಹುಡುಕಾಟ ನಡೆಸಿದರೆ ಉಳಿದವರೂ ಸಿಕ್ಕಿಬೀಳುತ್ತಾರೆ.

ಕುಕೀ ಅಳಿಸಿದ ಮೇಲೆ ಕಾಟ ಹೆಚ್ಚಾದದ್ದಕ್ಕೂ ಕಾರಣವಿದೆ: ನೀವು ಒಗಟು ಬಿಡಿಸಿದ ಗುರುತು ಉಳಿಯುವುದೇ ಕುಕೀಯಲ್ಲಿ, ಅಂದರೆ ಜಾಲತಾಣದ ಪರವಾಗಿ ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ದಾಖಲೆಯಲ್ಲಿ. ಅದನ್ನು ಅಳಿಸಿದರೆ ನೀವು ಮತ್ತೆ ಅಪರಿಚಿತರು.

ಏರ್‌ಪ್ಲೇನ್ ಮೋಡನ್ನು ಅರ್ಧ ನಿಮಿಷ ಹಾಕಿ ತೆಗೆಯಿರಿ, ಎಷ್ಟೋ ಸಲ ಹೊಸ ವಿಳಾಸ ಸಿಗುತ್ತದೆ. ಬಳಿಕ ಮನೆಯ ವೈಫೈನಲ್ಲಿ ಹುಡುಕಿ ನೋಡಿ. ಅದೇ ವೈಫೈಗೆ ಇನ್ನೊಂದು ಫೋನನ್ನೂ ಜೋಡಿಸಿ ನೋಡಿ. ಈ ಕೊನೆಯ ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಒಂದು ಮಾತು: ಅಂಥ ಪುಟ ಆ್ಯಪ್ ಹಾಕಿಕೊಳ್ಳಿ ಎಂದರೆ ಅಥವಾ ಕಾರ್ಡ್ ಸಂಖ್ಯೆ ಕೇಳಿದರೆ ಅದು ನಕಲಿ. ಕೂಡಲೇ ಮುಚ್ಚಿಬಿಡಿ.

ಪ್ರಶ್ನೆ ಕೇಳಿದವರು:
ಡೇಟಾದಲ್ಲೂ ಬರುತ್ತಿದೆ, ವೈಫೈನಲ್ಲೂ ಬರುತ್ತಿದೆ. ಆದರೆ ಅದೇ ವೈಫೈನಲ್ಲಿ ತಂಗಿಯ ಫೋನಿಗೆ ಏನೂ ಆಗುತ್ತಿಲ್ಲ.

ಉತ್ತರ:
ಹಾಗಾದರೆ ಮೊಬೈಲ್ ಕಂಪನಿಯನ್ನೂ ರೌಟರನ್ನೂ ಬಿಟ್ಟುಬಿಡಿ. ಒಂದೇ ರೌಟರಿನಿಂದ ಅವರ ಹುಡುಕಾಟ ಸಲೀಸಾಗಿ ಹೋಗುತ್ತಿದ್ದರೆ, ನಿಮ್ಮದು ಬೇರೆ ಯಾವುದೋ ಸರ್ವರನ್ನು ಸುತ್ತಿಕೊಂಡು ಹೋಗುತ್ತಿರಬೇಕು. ಪರದೆಯ ಮೇಲಂಚಿನಲ್ಲಿ, ಬ್ಯಾಟರಿಯ ಚಿತ್ರದ ಆಸುಪಾಸಿನಲ್ಲಿ, ಪುಟ್ಟ ಕೀಲಿಕೈಯಂಥ ಗುರುತು ಕಾಣುತ್ತಿದೆಯೇ?

ಪ್ರಶ್ನೆ ಕೇಳಿದವರು:
ಇದೆ! ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಐದು ದಿನಗಳ ಹಿಂದೆ ಒಂದು ಉಚಿತ ವಿಪಿಎನ್ (ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಸಾಗಿಸುವ ಆ್ಯಪ್) ಹಾಕಿಕೊಂಡಿದ್ದೆ. ಆ್ಯಪ್ ಮುಚ್ಚಿದರೆ ಅದೂ ನಿಲ್ಲುತ್ತದೆ ಎಂದು ಭಾವಿಸಿದ್ದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ‘ಯಾವಾಗಲೂ ಆನ್’ ಎಂದಿದೆ.

ಉತ್ತರ:
ಕಾರಣ ಅದೇ. ಉಚಿತ ವಿಪಿಎನ್‌ನ ಒಂದೊಂದು ವಿಳಾಸವನ್ನೂ ಅಸಂಖ್ಯ ಜನ ಬಳಸುತ್ತಾರೆ, ಹಾಗಾಗಿ ಅವು ಬೇಗ ಕೆಟ್ಟ ಹೆಸರು ಪಡೆಯುತ್ತವೆ. ಆಫ್ ಮಾಡಿದರೆ ಸಾಲದು, ಅನ್‌ಇನ್‌ಸ್ಟಾಲ್ ಮಾಡಿ. ಅದಕ್ಕೂ ಮುಂಚೆ ಆ ಆ್ಯಪ್‌ನ ಹಿನ್ನೆಲೆ ಡೇಟಾ ಬಳಕೆ ನೋಡಿ. ಇಂಥ ಕೆಲವು ಆ್ಯಪ್‌ಗಳು ನಿಮ್ಮ ಸಂಪರ್ಕವನ್ನೇ ಪರರಿಗೆ ಮಾರುತ್ತವೆ. ಆಗ ಯಾರದೋ ಹುಡುಕಾಟ ನಿಮ್ಮ ಮನೆಯ ವಿಳಾಸದಿಂದ ಹೊರಡುತ್ತದೆ, ನಾಳೆ ತಂಗಿಯ ಫೋನಿಗೂ ಇದೇ ಎಚ್ಚರಿಕೆ ಬರುತ್ತದೆ.

ಪ್ರಶ್ನೆ ಕೇಳಿದವರು:
ನಾನು ಮಲಗಿದ್ದ ಹೊತ್ತಿನಲ್ಲೂ ಅದು ಡೇಟಾ ಬಳಸಿದೆ. ತೆಗೆದುಹಾಕಿ ಫೋನನ್ನು ರೀಸ್ಟಾರ್ಟ್ ಮಾಡಿದೆ. ಕೀಲಿಕೈ ಹೋಯಿತು, ಬೆಳಗಿನಿಂದ ಒಮ್ಮೆಯೂ ಎಚ್ಚರಿಕೆ ಬಂದಿಲ್ಲ. ತುಂಬಾ ಧನ್ಯವಾದಗಳು.